ತಂದೆಯನ್ನು ಕುರಿತು ಬರೆಯುವ ಬಗೆ

ಕನ್ನಡ ಸಂಘಗಳ ಮಾಸಿಕಗಳಲ್ಲಿ ಕವಿತೆಯಿಲ್ಲದ ಸಂಚಿಕೆ ಇದ್ದೀತು, ಕಥೆಯಿಲ್ಲದ ಸಂಚಿಕೆಯೂ ಇದ್ದೀತು. ಊರಿನಲ್ಲಿ ತೀರಿಕೊಂಡ ತಂದೆಯನ್ನು ನೆನೆದು ಮಗನೋ ಮಗಳೋ ಬರೆದ ಒಂದೂವರೆ ಪುಟವಿಲ್ಲದ ಸಂಚಿಕೆ ಅಪರೂಪ. ವಿಮರ್ಶಕರು ಈ ಬರಹಗಳ ತಂಟೆಗೆ ಹೋಗುವುದಿಲ್ಲ. ಸಾವಿನ ಮನೆಗೆ ಹೋಗಿ ವ್ಯಾಕರಣ ತಿದ್ದುವುದು ಸಭ್ಯತೆಯಲ್ಲವೆಂಬ ಸಂಕೋಚ ಅದಕ್ಕೆ ಕಾರಣವಿರಬೇಕು. ಆದರೆ ತಾಲ್ಲೂಕು ಊರೊಂದರಲ್ಲಿ ನಲವತ್ತು ವರ್ಷ ಕಿರಾಣಿ ಅಂಗಡಿ ನಡೆಸಿ, ಮಕ್ಕಳನ್ನು ಓದಿಸಿ, ಮುಂಬಯಿಗೋ ಪುಣೆಗೋ ಕಳಿಸಿಕೊಟ್ಟ ಮನುಷ್ಯನೊಬ್ಬನ ವಿಷಯವಾಗಿ ಅಚ್ಚಾಗುವ ಬರಹ ಪ್ರಾಯಶಃ ಅದೊಂದೇ. ಆದ್ದರಿಂದ ಅದನ್ನು ಸಾಹಿತ್ಯವೆಂದೇ ಎಣಿಸಿ ಪರೀಕ್ಷಿಸುವುದು ನ್ಯಾಯವೆಂದು ನಮಗೆ ತೋರುತ್ತದೆ.

ಈ ಬರಹಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ದಿವಂಗತರು ಕಷ್ಟಜೀವಿ, ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಅಜಾತಶತ್ರು. ಕುಟುಂಬಕ್ಕಾಗಿ ಹಗಲಿರುಳೆನ್ನದೆ ದುಡಿದವರು. ಹೆಸರನ್ನು ಅಳಿಸಿ ಇನ್ನೊಂದು ಹೆಸರು ಬರೆದರೆ ಬೇರೆ ಏನನ್ನೂ ಬದಲಿಸಬೇಕಾಗಿಲ್ಲ. ದುಡಿದರು, ಸರಿ. ಹೇಗೆ ದುಡಿದರು? ಅಂಗಡಿಯ ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತಿತ್ತು? ಸಂತೆಯ ದಿನ ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತಿದ್ದರೆ? ಮಳೆ ಕೈಕೊಟ್ಟ ವರ್ಷ ಯಾರಿಗೆ ಉದ್ರಿ ಕೊಟ್ಟರು, ಯಾರಿಗೆ ಇಲ್ಲವೆಂದರು? ಅಜಾತಶತ್ರು ಎಂದು ಬರೆದವರು ಆ ಉದ್ರಿ ಪುಸ್ತಕವನ್ನು ಒಮ್ಮೆಯೂ ತೆರೆದು ನೋಡಿಲ್ಲವೆಂದೇ ನಮ್ಮ ಅನುಮಾನ. ಕಿರಾಣಿ ವ್ಯಾಪಾರಿಗೆ ಶತ್ರುಗಳೇ ಇರಲಿಲ್ಲವೆಂದರೆ ಆತ ವಸೂಲಿಗೇ ಹೋಗಲಿಲ್ಲವೆಂದು ಅರ್ಥ!

ಒಂದು ಉದಾಹರಣೆ ನೋಡೋಣ. 1957ರ ಏಪ್ರಿಲ್ 1ರಂದು ನಮ್ಮ ದೇಶದಲ್ಲಿ ನಯಾ ಪೈಸೆ ಬಂತು. ಹದಿನಾರಾಣೆಯ ರೂಪಾಯಿ ನೂರು ಪೈಸೆಯದಾಯಿತು. ನಾಲ್ಕಾಣೆಗೆ ಇಪ್ಪತ್ತೈದು ಎಂಬುದೇನೋ ಸಲೀಸು. ಒಂದಾಣೆಗೆ ಆರು, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು ಎಂದರೆ ಬೆಲ್ಲ ಕೊಳ್ಳಲು ಬಂದ ಅಜ್ಜಿ ಒಪ್ಪುವಳೆ? ಒಂದೊಂದಾಣೆಯಂತೆ ಮೂರು ಸಲ ಕೊಂಡರೆ ಹದಿನೆಂಟು, ಒಟ್ಟಿಗೆ ಕೊಂಡರೆ ಹತ್ತೊಂಬತ್ತು ಏಕೆಂದು ಕೇಳಿದರೆ ಏನು ಹೇಳುವುದು? ಈ ಗೊಂದಲ ತಿಳಿಯಾಗುವ ಮೊದಲೇ ಸೇರು ಹೋಗಿ ಕಿಲೋ ಬಂತು. ತೂಕದ ಬಟ್ಟುಗಳನ್ನೆಲ್ಲ ಬದಲಿಸಬೇಕಾಯಿತು. ಅದರ ಹಿಂದಿನ ವರ್ಷವಷ್ಟೇ ಧಾರವಾಡ, ವಿಜಾಪುರ, ಕಾರವಾರದ ಕಡೆಯವರು ಮುಂಬಯಿ ರಾಜ್ಯದಿಂದ ಹೊಸ ಮೈಸೂರು ರಾಜ್ಯಕ್ಕೆ ಸೇರಿದ್ದರು. ಸರ್ಕಾರ ಮಾಡಿದ ಈ ಎಲ್ಲ ಬದಲಾವಣೆಗಳನ್ನು ಓದುಬರಹವಿಲ್ಲದ ಗಿರಾಕಿಗೆ ದಿನಕ್ಕೆ ನೂರು ಸಲ ತಿಳಿಸಿ ಹೇಳಿದವರು ಗಲ್ಲೆಯ ಹಿಂದೆ ಕುಳಿತ ಈ ಮನುಷ್ಯರು. ಚರಿತ್ರೆಯ ಪುಸ್ತಕದಲ್ಲಿ ಅವರಿಗೆ ಜಾಗವಿಲ್ಲ. ಮಕ್ಕಳು ಬರೆದ ಸ್ಮರಣೆಯಲ್ಲಾದರೂ ಅದು ಇರಬೇಡವೆ? ಹುಡುಕಿ ನೋಡಿ, ಸಿಕ್ಕುವುದಿಲ್ಲ.

ಕನ್ನಡದಲ್ಲಿ ಮಾದರಿಗಳಿಗೆ ಬರವಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಅಣ್ಣನ ನೆನಪು’ 1996ರಲ್ಲಿ ಪ್ರಕಟವಾಯಿತು. ತಂದೆ ಜ್ಞಾನಪೀಠ ಪಡೆದ ಮಹಾಕವಿ, ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದವರು. ಹೊಗಳಿಕೆಗೆ ಬೇಕಾದ ಸಾಮಗ್ರಿಯೆಲ್ಲ ಕೈಯಲ್ಲೇ ಇತ್ತು. ಮಗ ಅದನ್ನೆಲ್ಲ ಪಕ್ಕಕ್ಕಿಟ್ಟು, ತುಂಟ ಮಕ್ಕಳನ್ನು ಸಾಕಲು ಪಾಡುಪಟ್ಟ ಒಬ್ಬ ಮನೆಯ ಯಜಮಾನನನ್ನು ನಗುನಗುತ್ತ ಬರೆದರು. ಓದಿ ಮುಗಿಸಿದಾಗ ಕುವೆಂಪು ಅವರ ಎತ್ತರ ಒಂದಂಗುಲವೂ ಕಡಿಮೆಯಾಗಿರುವುದಿಲ್ಲ. ನಮ್ಮ ಪುಟಗಳಲ್ಲಿ ನಡೆಯುವುದು ಇದಕ್ಕೆ ತೀರ ತಿರುಗುಮುರುಗು: ಅವರು ಮಹಾಪುರುಷನನ್ನು ಮನೆಯ ಮನುಷ್ಯನಾಗಿ ಕಂಡರು, ನಾವು ಮನೆಯ ಮನುಷ್ಯನನ್ನು ಮಹಾಪುರುಷನನ್ನಾಗಿ ಮಾಡಹೋಗಿ ಎರಡನ್ನೂ ಕಳೆದುಕೊಳ್ಳುತ್ತೇವೆ.

ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ಯನ್ನೂ ಇಲ್ಲಿ ನೆನೆಯಬೇಕು. ಎಂಟು ಸಂಪುಟಗಳು. ಒಂದರಲ್ಲಿ ಮೈಸೂರಿನ ದಿವಾನರು, ಇನ್ನೊಂದರಲ್ಲಿ ಹೆಸರು ಹೊರಗೆ ಕೇಳದ ವೈದಿಕರು. ದಿವಾನರಿಗೆ ಒಂದು ಲೇಖನಿ, ಬಡವರಿಗೆ ಇನ್ನೊಂದು ಎಂಬ ಭೇದ ಅಲ್ಲಿಲ್ಲ. ಮುಳಬಾಗಿಲಿನ ಕಡೆಯ ಹಿರಿಯರು ತೆಲುಗಿನಲ್ಲಿ ಆಡಿದ ಮಾತನ್ನು ತೆಲುಗಿನಲ್ಲೇ ಕೇಳಿಸುತ್ತಾರೆ. ನಮ್ಮ ಲೇಖಕರಾದರೋ, ಜೀವಮಾನವೆಲ್ಲ ತುಳುವಿನಲ್ಲೋ ಕೊಂಕಣಿಯಲ್ಲೋ ಹುಬ್ಬಳ್ಳಿಯ ಗಂಡುಮಾತಿನಲ್ಲೋ ಬೈದು ನಗಿಸಿ ಬಾಳಿದ ತಂದೆಯ ಬಾಯಲ್ಲಿ ಪಠ್ಯಪುಸ್ತಕದ ಕನ್ನಡವನ್ನು ತುರುಕುತ್ತಾರೆ.

ಇನ್ನು ಕಾರಂತರ ‘ಬೆಟ್ಟದ ಜೀವ’ (1943). ಅದು ಕಾದಂಬರಿ, ಸ್ಮರಣ ಲೇಖನವಲ್ಲ; ಅಲ್ಲಿಯ ಗೋಪಾಲಯ್ಯ ಪೇಟೆಯವನಲ್ಲ, ಕುಮಾರಪರ್ವತದ ಸೆರಗಿನಲ್ಲಿ ಕಾಡು ಕಡಿದು ಅಡಿಕೆ ತೋಟ ಮಾಡಿದವನು. ಆದರೂ ದುಡಿದ ಸಂಸಾರಿಯೊಬ್ಬನನ್ನು ಬರೆಯುವುದು ಹೇಗೆಂದು ಕಲಿಯಲು ಕನ್ನಡದಲ್ಲಿ ಅದಕ್ಕಿಂತ ಒಳ್ಳೆಯ ಪುಸ್ತಕ ನಮಗೆ ತಿಳಿದಿಲ್ಲ. ಗೋಪಾಲಯ್ಯ ಶ್ರಮಜೀವಿಯೆಂದು ಕಾರಂತರು ಘೋಷಿಸುವುದಿಲ್ಲ. ದಾರಿ ತಪ್ಪಿ ಬಂದ ಅತಿಥಿಯೊಬ್ಬನನ್ನು ಮುದುಕನ ಬೆನ್ನ ಹಿಂದೆ ತೋಟಕ್ಕೆ ಕಳಿಸುತ್ತಾರೆ. ಮರ, ಆನೆ ಹುಲಿಗಳ ಕಾಟ, ಹೆಂಡತಿಯೊಡನೆ ಮುದುಕನ ಚೇಷ್ಟೆ ಎಲ್ಲವನ್ನೂ ಅತಿಥಿ ನೋಡುತ್ತಾನೆ, ಅವನ ಜೊತೆಗೆ ನಾವೂ ನೋಡುತ್ತೇವೆ. ಇದನ್ನೆಲ್ಲ ನೋಡಬೇಕಾಗಿದ್ದವನು ಮಗ ಶಂಭು. ಅವನು ಮನೆ ಬಿಟ್ಟು ಹೋಗಿದ್ದಾನೆ.

ಪರಊರಿನಲ್ಲಿರುವ ಕನ್ನಡಿಗರು ಈ ಕಾದಂಬರಿಯನ್ನು ಓದಿ ಗೋಪಾಲಯ್ಯನನ್ನು ಕೊಂಡಾಡುತ್ತಾರೆ. ಅದರಲ್ಲಿ ತಮ್ಮ ಜಾಗ ಶಂಭುವಿನದೆಂಬುದನ್ನು ಮರೆಯುತ್ತಾರೆ. ಹಾಗೆಂದು ಮಕ್ಕಳನ್ನು ಕೃತಘ್ನರೆಂದು ಜರೆಯಲು ನಾವು ಸಿದ್ಧರಿಲ್ಲ. ಸಣ್ಣ ಊರಿನ ಅಂಗಡಿಕಾರ ಮಗನಿಗೆ ಹೇಳಿದ್ದೇನು? “ನೀನು ಓದಿಕೋ, ಅಂಗಡಿ ಕಡೆ ಬರಬೇಡ.” ತಕ್ಕಡಿ ಹಿಡಿದರೆ ಹುಡುಗನ ಮನಸ್ಸು ಪುಸ್ತಕದಲ್ಲಿ ನಿಲ್ಲದೆಂಬ ಭಯ. ಸಾಲದ ಸುದ್ದಿ ಅವನ ಕಿವಿಗೆ ಬೀಳದಂತೆ ಬಾಗಿಲು ಮುಂದೆ ಮಾಡಿ ಮಾತಾಡಿದರು. ತನ್ನ ದುಡಿಮೆ ಮಗನಿಗೆ ತಿಳಿಯದಂತೆ ನೋಡಿಕೊಂಡದ್ದೇ ಆ ಮನುಷ್ಯನ ದೊಡ್ಡ ದುಡಿಮೆ. ಅದು ಎಷ್ಟು ಚೆನ್ನಾಗಿ ಫಲಿಸಿತೆಂದರೆ, ತಂದೆ ಹೋದ ಮೇಲೆ ಬರೆಯಲು ಕುಳಿತ ಮಗನ ಬಳಿ ವಿಶೇಷಣಗಳ ಹೊರತು ಬೇರೇನೂ ಇಲ್ಲ. ನಮ್ಮ ಸ್ಮರಣ ಬರಹಗಳ ಬಡತನಕ್ಕೆ ಮೂಲ ಇಲ್ಲಿದೆ. ಭಾಷೆಯ ಕೊರತೆ ಆಮೇಲಿನದು.

ಹೀಗಿದ್ದರೂ ಒಮ್ಮೊಮ್ಮೆ ಒಂದು ಸಾಲು ಮಿಂಚುವುದುಂಟು. ನಾವು ಓದಿದ ಬರಹವೊಂದರಲ್ಲಿ, ಎರಡು ಪ್ಯಾರಾ ಗುಣಗಾನವಾದ ಮೇಲೆ, ತಂದೆ ಸಾಮಾನು ಕಟ್ಟಿ ಬಂದ ಹಳೆಯ ದಾರಗಳನ್ನೆಲ್ಲ ಗಂಟು ಹಾಕಿ ಉಂಡೆ ಮಾಡಿ ಇಡುತ್ತಿದ್ದರೆಂದೂ, ತೀರಿಕೊಂಡ ದಿನ ಆ ಉಂಡೆ ತೆಂಗಿನಕಾಯಿಯಷ್ಟು ದಪ್ಪವಿತ್ತೆಂದೂ ಮಗಳು ಬರೆದಿದ್ದಳು. ಸಂಪಾದಕರು ಆ ಎರಡು ಪ್ಯಾರಾಗಳನ್ನು ಹೊಡೆದುಹಾಕಿ ಈ ಸಾಲಿನಿಂದಲೇ ಪ್ರಾರಂಭಿಸಬಹುದಿತ್ತು.

ಇನ್ನೊಂದು ಮಾತು. ಈ ಬರಹಗಳಲ್ಲಿ ತಾಯಿ ‘ಅವರಿಗೆ ತಕ್ಕ ಸಹಧರ್ಮಿಣಿ’ ಎಂಬಷ್ಟಕ್ಕೆ ಮುಗಿಯುತ್ತಾಳೆ. ಶಂಕರಮ್ಮನಿಲ್ಲದೆ ‘ಬೆಟ್ಟದ ಜೀವ’ ಉಂಟೆ? ಅಂಗಡಿಯ ಹಿಂದೆಯೇ ಮನೆಯಿದ್ದ ಕಡೆ ಹುಣಸೆಹಣ್ಣಿನ ಬೀಜ ಬಿಡಿಸಿದವಳು, ಬೇಳೆಯಲ್ಲಿ ಕಲ್ಲು ಆರಿಸಿದವಳು, ಮೆಣಸಿನಕಾಯಿ ಹುರಿದು ಪುಡಿ ಮಾಡಿದವಳು, ಯಜಮಾನರು ಮಾಲು ತರಲು ಹೋದ ದಿನ ಗಲ್ಲೆಯ ಮೇಲೆ ಕುಳಿತವಳು ಅವಳೇ. ಯಾರ ಬಾಕಿ ಎಷ್ಟೆಂದು ಪುಸ್ತಕ ತೆರೆಯದೆ ಹೇಳಬಲ್ಲವಳೂ ಅವಳೇ. ಎಷ್ಟೋ ಮನೆಗಳಲ್ಲಿ ಆಕೆ ಇಂದೂ ಇದ್ದಾಳೆ, ಮಗನ ಮುಂಬಯಿಯ ಮನೆಯಲ್ಲಿಯೇ ಇದ್ದಾಳೆ. ಮಗ ಪಕ್ಕದ ಕೋಣೆಯಲ್ಲಿ ಕುಳಿತು ತಂದೆಯ ಬಗ್ಗೆ ಬರೆಯುತ್ತಾನೆ. ಬರಹದಲ್ಲಿ ಆಕೆ ಕಾಣಿಸಿಕೊಳ್ಳುವುದು, ಮೃತರು ಪತ್ನಿ, ಮೂವರು ಪುತ್ರರು ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ ಎಂಬ ಕೊನೆಯ ವಾಕ್ಯದಲ್ಲಿ.