ಚಿತ್ರದ ಕಮಲ, ನೆಲದ ಕಮಲ

ಶಿವಮೊಗ್ಗದ ಸೋಗಾನೆಯ ವಿಮಾನ ನಿಲ್ದಾಣವು ಪೂರ್ಣಗೊಳ್ಳುವ ಮೊದಲೇ ಅದರ ಕಂಪ್ಯೂಟರ್ ಚಿತ್ರವು ಜನರ ಮುಂದೆ ಬಂದಿತು. ಆಕಾಶದಿಂದ ನೋಡಿದಂತೆ ರಚಿಸಿದ ಅದರಲ್ಲಿ ಕಟ್ಟಡವೇ ಅರಳಿದ ಕಮಲ. 2021ರಲ್ಲಿ ಕಾಂಗ್ರೆಸ್ ಅದನ್ನು ಭಾರತೀಯ ಜನತಾ ಪಕ್ಷದ ಚಿಹ್ನೆಯೆಂದು ಆಕ್ಷೇಪಿಸಿತು. ಕಮಲವು ರಾಷ್ಟ್ರೀಯ ಪುಷ್ಪವೆಂಬುದು ಸಮರ್ಥಕರ ಉತ್ತರ. ಹೊಂಬುಜಕ್ಕೆ ಹೋಗಿಬರುವ ಶ್ರಾವಕನಿಗೆ ಅದೇ ಹೂವು ಪದ್ಮಪ್ರಭ ತೀರ್ಥಂಕರರ ಲಾಂಛನವನ್ನು ನೆನಪಿಸಿದರೆ ಆಶ್ಚರ್ಯವಿಲ್ಲ.

ಒಂದೇ ವಸ್ತುವಿಗೆ ಹಲವು ನಯಗಳೆಂದು ಇಲ್ಲಿಗೇ ಸುಮ್ಮನಾಗಬಹುದಿತ್ತು. ಆದರೆ ಈ ಗದ್ದಲದಲ್ಲಿ ಹಿಂದೆ ಸರಿದ ಪ್ರಶ್ನೆಯೊಂದಿದೆ: ಆ ನೋಟವು ಯಾರ ಕಣ್ಣಿನದು? 2023ರ ಫೆಬ್ರವರಿ 27ರಂದು ಉದ್ಘಾಟನೆಗೊಂಡ ನಿಲ್ದಾಣದ ಬಾಗಿಲಲ್ಲಿ, ಕೈಯಲ್ಲಿ ಚೀಲ ಹಿಡಿದು ನಿಂತವನಿಗೆ ದಳಗಳ ಪೂರ್ಣ ವಿನ್ಯಾಸ ಕಾಣದು. ಚಿತ್ರ ಮಾಡುವವನು ತನಗೆ ಬೇಕಾದ ಎತ್ತರವನ್ನೂ ಬೆಳಕನ್ನೂ ಆರಿಸಿಕೊಳ್ಳುತ್ತಾನೆ. ಮಲೆನಾಡಿನ ಮಳೆಗೆ ಗೋಡೆ ಹಿಡಿಯುವ ಪಾಚಿಗೆ ಅಲ್ಲಿ ಎಡೆಯಿಲ್ಲ.

ಬಸದಿಯ ಜೀರ್ಣೋದ್ಧಾರಕ್ಕೆ ದಾನ ಬೇಡುವ ಕರಪತ್ರಗಳಿಗೂ ಇಂತಹ ಚಿತ್ರಗಳು ಒಗ್ಗುತ್ತವೆ. ಸತ್ಯವ್ರತಕ್ಕೆ ಅವುಗಳಿಂದ ನೇರ ಭಂಗವಿಲ್ಲವೆನ್ನೋಣ. ಆದರೂ ಬಯಕೆಯನ್ನು ಕಟ್ಟಡವೆಂದು ನಂಬಿ ಹಣ ಕೊಟ್ಟ ಮುದುಕಿಗೆ ಯಾರು ಉತ್ತರ ಹೇಳಬೇಕು? ನಿಂತವರ ಕಣ್ಣಳತೆಯಿಂದ ಬಿಡಿಸಿದ ಇನ್ನೊಂದು ಚಿತ್ರವನ್ನೂ, ಕೈಯಲ್ಲಿರುವ ಹಣಕ್ಕೆ ಎಷ್ಟು ಕೆಲಸ ಮುಗಿಯುವುದೆಂಬ ಸಾಲನ್ನೂ ಪಕ್ಕದಲ್ಲಿಯೇ ಅಚ್ಚು ಹಾಕಿಸುವುದು ಟ್ರಸ್ಟುಗಳಿಗೆ ಹೊರೆಯಾಗಲಾರದು.