ನೊರೆಯ ಪ್ರತಿಷ್ಠೆ

ಇಟಲಿಯ ಕಾಫಿ ನಿಜಕ್ಕೂ ಅಷ್ಟು ಚೆನ್ನಾಗಿದೆಯೇ ಎಂದು ಕೇಳುವ ಪ್ರವಾಸಕಥನಕಾರರು ನಮ್ಮಲ್ಲಿ ಕಡಿಮೆ. ರೋಮಿನ ಯಾವುದೋ ಬಾರಿನಲ್ಲಿ ನಿಂತು ಎರಡು ಗುಟುಕು ಎಸ್ಪ್ರೆಸೊ ಕುಡಿದು ಮುಖ ಹಿಂಡಿದವರೂ ಊರಿಗೆ ಬಂದ ಮೇಲೆ ‘ಅದ್ಭುತ’ ಎಂದೇ ಬರೆಯುತ್ತಾರೆ. ಆ ಹಿಂಡಿದ ಮುಖವೇ ಹೆಚ್ಚು ಪ್ರಾಮಾಣಿಕ ವಿಮರ್ಶೆ.

ನಿಂತು ಕುಡಿಯುವುದರ ಬಗ್ಗೆ ನನ್ನ ತಕರಾರಿಲ್ಲ. ಜನಜಂಗುಳಿಯ ಬಾರುಗಳಲ್ಲಿ ಮೊದಲು ಗಲ್ಲಾದಲ್ಲಿ ದುಡ್ಡು ಕೊಟ್ಟು, ಚೀಟಿ ಹಿಡಿದು ಕೌಂಟರಿಗೆ ಹೋಗಬೇಕು. ದರ್ಶಿನಿಯಲ್ಲಿ ಟೋಕನ್ ಹಿಡಿದವರಿಗೆ ಇದೇನು ಹೊಸದಲ್ಲ. ಕೂತರೆ ಅದೇ ಕಾಫಿಗೆ ಹೆಚ್ಚು ಬೆಲೆ. ಇರಲಿ.

ನನ್ನ ಜಗಳ ಕಪ್ಪಿನ ಮೇಲೆ ತೇಲುವ ಆ ಕಂದು ನೊರೆಯ ಜೊತೆ. ಅವರು ಅದನ್ನು ‘ಕ್ರೆಮಾ’ ಎನ್ನುತ್ತಾರೆ. 1948ರ ಸುಮಾರಿಗೆ ಮಿಲಾನಿನ ಅಕಿಲೆ ಗಾಜಿಯಾ ಆವಿಯನ್ನು ಬಿಟ್ಟು ಸನ್ನೆಯ ಒತ್ತಡದಿಂದ ಕಾಫಿ ಇಳಿಸುವ ಯಂತ್ರ ತಂದ ಮೇಲೆ ಬಂದದ್ದು ಇದು. ಸುಮಾರು 7 ಗ್ರಾಂ ಪುಡಿ, ವಾತಾವರಣದ ಒಂಬತ್ತು ಪಟ್ಟು ಒತ್ತಡ, 25 ಸೆಕೆಂಡು. ಹುರಿದ ಬೀಜದಲ್ಲಿ ಉಳಿದ ಇಂಗಾಲದ ಡೈಆಕ್ಸೈಡು ಆ ಒತ್ತಡಕ್ಕೆ ನೀರಲ್ಲಿ ಕರಗಿ, ಕಪ್ಪಿಗೆ ಬೀಳುತ್ತಲೇ ಗುಳ್ಳೆಯಾಗುತ್ತದೆ. ಅಂದರೆ ನೊರೆ ಹೇಳುವುದು ಬೀಜ ಹುರಿದು ಬಹಳ ದಿನವಾಗಿಲ್ಲ, ಯಂತ್ರ ನೆಟ್ಟಗಿದೆ ಎಂದಷ್ಟೇ. ರುಚಿಯ ಬಗ್ಗೆ ಅದು ತುಟಿ ಬಿಚ್ಚುವುದಿಲ್ಲ. ನಂಬದವರು ಚಮಚದಲ್ಲಿ ಆ ನೊರೆಯನ್ನಷ್ಟೇ ತೆಗೆದು ನಾಲಿಗೆಗೆ ಹಚ್ಚಿಕೊಳ್ಳಲಿ: ಕಹಿ, ಒಗರು, ಕೊನೆಗೆ ನಯವಾದ ಪುಡಿಯ ತರಿ. ರೊಬಸ್ಟಾ ಬೆರೆಸಿದರೆ ನೊರೆ ಇನ್ನೂ ದಟ್ಟ. ಏಕೆಂದರೆ ನೊರೆಯನ್ನು ಒಡೆಯುವ ಎಣ್ಣೆಯಂಶ ಆ ಬೀಜದಲ್ಲಿ ಅರೇಬಿಕಾಕ್ಕಿಂತ ಕಡಿಮೆ. ನೇಪಲ್ಸಿನ ಕಡೆ ರೊಬಸ್ಟಾ ಧಾರಾಳ, ಹುರಿಯುವುದೂ ಕಪ್ಪಗೆ, ಆಮೇಲೆ ಕಹಿ ಮುಚ್ಚಲು ಸಕ್ಕರೆ. ನಮ್ಮಲ್ಲಿ ಚಿಕೋರಿ ಎಂದರೆ ಮೂಗು ಮುರಿಯುವ ರಸಿಕರು ಅಲ್ಲಿ ಇದಕ್ಕೇ ತಲೆದೂಗುತ್ತಾರೆ!

ಇದೇ ರಸಿಕರ ಇನ್ನೊಂದು ಉಪದೇಶ: ಹನ್ನೊಂದು ಗಂಟೆಯ ಮೇಲೆ ಕಪುಚಿನೊ ಕೇಳಬೇಡಿ, ಮರ್ಯಾದೆ ಹೋಗುತ್ತದೆ. ಕಾರಣ, ಊಟದ ಮೇಲೆ ಹಾಲು ಜೀರ್ಣವಾಗದಂತೆ. ಊಟ ಮುಗಿಸಿ ಮಸ್ಕರ್ಪೋನೆಯ ಕೆನೆ ತುಂಬಿದ ತಿರಮಿಸು ತಿನ್ನುವ ಜನ, ಸಂಜೆಯೂ ಹಾಲಿನ ಹನಿ ಬಿಟ್ಟ ಮಕ್ಕಿಯಾತೊ ಕುಡಿಯುವ ಜನ ಇದನ್ನು ಹೇಳುತ್ತಾರೆ. ಇಟಲಿಯವರು ಹೇಳಿದರೆ ಅಭ್ಯಾಸಬಲ ಎಂದು ಬಿಡಬಹುದು. ರಾತ್ರಿ ಊಟವಾದ ಮೇಲೆ ಲೋಟದ ತುಂಬ ಹಾಲು ಕುಡಿದು ಮಲಗುವ ಮನೆಗಳಲ್ಲಿ ಬೆಳೆದ ನಮ್ಮ ಲೇಖಕರು ಅದನ್ನು ಶಾಸ್ತ್ರವಾಕ್ಯದಂತೆ ಒಪ್ಪಿಸುವುದು ಯಾವ ಸಂಸ್ಕೃತಿ ಗೌರವವೋ! ಪ್ರವಾಸಿಗರನ್ನು ಗದರಿಸುವ ಈ ಚಟಕ್ಕೆ ಕಾಫಿಯ ಜ್ಞಾನ ಬೇಕಿಲ್ಲ.

ಮೆಚ್ಚಬೇಕಾದದ್ದೂ ಒಂದಿದೆ. ನೇಪಲ್ಸಿನಲ್ಲಿ ತನ್ನ ಕಾಫಿಯ ಜೊತೆ ಮುಂದೆ ಬರುವ ಯಾರೋ ಬಡವರ ಕಾಫಿಗೂ ದುಡ್ಡು ಕೊಟ್ಟು ಹೋಗುವ ಪದ್ಧತಿ ದೊಡ್ಡದು. ಆದರೆ ಅದು ಜನರ ಗುಣ, ಕಾಫಿಯ ಗುಣವಲ್ಲ.

ಭಾರತದ ಕಾಫಿ ಬೀಜದ ದೊಡ್ಡ ಗಿರಾಕಿ ಇಟಲಿ. ನಮ್ಮಲ್ಲಿ ಹೆಚ್ಚು ಬೆಳೆಯುವುದು ಕರ್ನಾಟಕವೇ. ಕೊಡಗಿನ ತೋಟದ ರೊಬಸ್ಟಾ ಆ ನೊರೆಗೆ ಬಲ ಕೊಡುತ್ತಿರುವಾಗ ನಾವು ಅಲ್ಲಿ ಅಳುಕಿ ನಿಲ್ಲಬೇಕಾಗಿಲ್ಲ. ಮಧ್ಯಾಹ್ನ ಮೂರಕ್ಕೆ ಧಾರಾಳವಾಗಿ ಕಪುಚಿನೊ ಕೇಳಿ. ಕೊಡುತ್ತಾರೆ.