ಮೂಲಪುರುಷನ ಭಾರ: ಶಿಂಗಣಾಪುರದ ಶಂಭುಮಹಾದೇವ ಮತ್ತು ಕನ್ನಡದ ಓದು

ರಾ. ಚಿಂ. ಢೇರೆಯವರ ‘ಶಿಖರ ಶಿಂಗಣಾಪುರಚಾ ಶ್ರೀ ಶಂಭುಮಹಾದೇವ’ ಎಂಬ ಮರಾಠಿ ಗ್ರಂಥದ ಶೀರ್ಷಿಕೆಯಲ್ಲಿ ಒಂದು ಊರಿದೆ, ಒಂದು ದೇವರಿದೆ; ಶಿವಾಜಿಯ ಹೆಸರಿಲ್ಲ. ಇದೇ ವಿಷಯವನ್ನು ಕುರಿತು ಸರಜೂ ಕಾಟ್ಕರ್ ಅವರು ಕನ್ನಡದಲ್ಲಿ ಬರೆದ ಪುಸ್ತಕದ ಹೆಸರು ‘ಶಿವಾಜಿ ಮೂಲ ಕನ್ನಡ ನೆಲ’. ಇಲ್ಲಿ ವೀರನಿದ್ದಾನೆ, ನೆಲವಿದೆ. ದೇವರೂ ಶಿಖರವೂ ಮರೆಗೆ ಸರಿದಿವೆ. ಪುಸ್ತಕಕ್ಕೆ ಹೆಸರಿಡುವುದು ಲೇಖಕರ ಹಕ್ಕು, ಅದರಲ್ಲಿ ದೋಷವೇನೂ ಇಲ್ಲ. ಆದರೆ ಎರಡು ಭಾಷೆಗಳ ಓದುಗರು ಒಂದೇ ವಾದದಿಂದ ಏನನ್ನು ಎತ್ತಿಕೊಂಡರೆಂಬುದನ್ನು ಈ ಎರಡು ಶೀರ್ಷಿಕೆಗಳ ಅಂತರ ಸೂಚಿಸುತ್ತದೆ. ಢೇರೆಯವರ ಶೋಧನೆ ಕನ್ನಡದ ಸಾರ್ವಜನಿಕ ಚರ್ಚೆಗೆ ಬಂದಾಗ ಅದು ಒಂದು ದೈವದ, ಒಂದು ಪಶುಪಾಲಕ ಜನಸಮೂಹದ ಚರಿತ್ರೆಯಾಗಿ ಉಳಿಯದೆ ಒಬ್ಬ ಮೂಲಪುರುಷನ ಕಥೆಯಾಗಿ ಕುಗ್ಗಿತು. ಗಡಿಯಾಚೆಯ ಕನ್ನಡಿಗರ ಮಟ್ಟಿಗಂತೂ ಈ ಕುಗ್ಗುವಿಕೆ ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ.

ಢೇರೆಯವರ (1930–2016) ವಿಧಾನವನ್ನು ಬಲ್ಲವರಿಗೆ ಶಿಂಗಣಾಪುರದ ಗ್ರಂಥ ಆಕಸ್ಮಿಕವಲ್ಲ. 1987ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಶ್ರೀ ವಿಠ್ಠಲ: ಏಕ ಮಹಾಸಮನ್ವಯ’ದಲ್ಲಿಯೇ ಅವರು ಪಂಢರಪುರದ ದೈವದ ಬೇರುಗಳನ್ನು ದನಗಾಹಿ, ಕುರಿಗಾಹಿ ಸಮುದಾಯಗಳಲ್ಲಿ ಅರಸಿದ್ದರು. ಹೊಯ್ಸಳ ಸೋಮೇಶ್ವರನು 1237ರಲ್ಲಿ ಪಂಢರಪುರದ ದೇವರಿಗೆ ದತ್ತಿ ಬಿಟ್ಟ ಶಾಸನ ಸಂಸ್ಕೃತ ಮತ್ತು ಕನ್ನಡಗಳಲ್ಲಿದೆ ಎಂಬ ಸಂಗತಿ ಆ ಚರ್ಚೆಯ ಮುಖ್ಯ ಆಧಾರಗಳಲ್ಲೊಂದು. ಸಾತಾರಾ ಜಿಲ್ಲೆಯ ಮಾಣ ತಾಲೂಕಿನ ಬೆಟ್ಟದ ಮೇಲಿರುವ ಶಿಂಗಣಾಪುರವೂ ಅಂಥದೇ ಕ್ಷೇತ್ರ. ಚೈತ್ರಮಾಸದಲ್ಲಿ ಭಕ್ತರು ನೀರಿನ ಕಾವಡಿಗಳನ್ನು ಹೊತ್ತು ಕಡಿದಾದ ಘಟ್ಟವೇರುತ್ತಾರೆ. ಶಿವಪಾರ್ವತಿಯರ ಮದುವೆ ನಡೆಯುತ್ತದೆ. ಇಲ್ಲಿಯ ಶಂಭುಮಹಾದೇವ ಭೋಸಲೆ ಮನೆತನದ ಕುಲದೈವ. ಶಿವಾಜಿಯ ಅಜ್ಜ ಮಾಲೋಜಿ ಇಲ್ಲಿ ಕೆರೆ ಕಟ್ಟಿಸಿದನೆಂಬುದು ಪ್ರಸಿದ್ಧ.

ಢೇರೆಯವರ ಪ್ರಶ್ನೆ ಸರಳವಾದುದು: ಈ ದೈವ ಈ ಬೆಟ್ಟಕ್ಕೆ ಯಾರೊಡನೆ ಬಂತು? ಅವರ ಉತ್ತರ ಹೀಗಿದೆ. 13ನೆಯ ಶತಮಾನದ ಆರಂಭದಲ್ಲಿ, ಸೇವುಣ ದೊರೆ ಸಿಂಘಣನ ಕಾಲದಲ್ಲಿ, ಇಂದಿನ ಗದಗ ಜಿಲ್ಲೆಯ ಸೊರಟೂರಿನಿಂದ ಬಳಿಪ ಅಥವಾ ಬಳಿಯಪ್ಪನೆಂಬ ಗೌಳಿ ಮುಖಂಡನು ತನ್ನ ದೈವವನ್ನು ಜೊತೆಗಿರಿಸಿಕೊಂಡು ಉತ್ತರಕ್ಕೆ ಬಂದ. ಅವನು ಹೊಯ್ಸಳ ಕುಲದ ಬಂಧು. ಭೋಸಲೆಯವರು ಅವನ ಸಂತತಿ. ಮೌಖಿಕ ಪರಂಪರೆ, ಆರಾಧನೆಯ ಕ್ರಮ, ಸ್ಥಳನಾಮ, ವಲಸೆಯ ದಾರಿ ಇವೆಲ್ಲವನ್ನೂ ಒಟ್ಟುಗೂಡಿಸಿ ಈ ನಿರ್ಣಯಕ್ಕೆ ಬರಲಾಗಿದೆ.

ಈ ಉತ್ತರ ಅನಿರೀಕ್ಷಿತವೆನಿಸುವುದಕ್ಕೆ ಕಾರಣ, ಅದು ಪಲ್ಲಟಗೊಳಿಸುವ ಇನ್ನೊಂದು ವಂಶಾವಳಿ. 1674ರ ಜೂನ್ 6ರಂದು ರಾಯಗಡದಲ್ಲಿ ನಡೆದ ಪಟ್ಟಾಭಿಷೇಕದ ಸಂದರ್ಭದಲ್ಲಿ, ಕಾಶಿಯ ಗಾಗಾಭಟ್ಟನ ಒಪ್ಪಿಗೆಯೊಡನೆ, ಭೋಸಲೆಯವರು ಮೇವಾಡದ ಸಿಸೋದಿಯಾ ರಜಪೂತರ ವಂಶದವರೆಂಬುದು ಅಧಿಕೃತವಾಯಿತು. ಕ್ಷತ್ರಿಯನಲ್ಲದವನಿಗೆ ವೈದಿಕ ಪಟ್ಟಾಭಿಷೇಕವಿಲ್ಲವೆಂಬ ಆಕ್ಷೇಪಕ್ಕೆ ಅದು ಉತ್ತರ. ಜದುನಾಥ ಸರ್ಕಾರರಂಥ ಇತಿಹಾಸಕಾರರು ಇದನ್ನು ಕಟ್ಟಿದ ವಂಶಾವಳಿಯೆಂದು ತಳ್ಳಿಹಾಕಿದರು. ಆದರೆ ಸಂಗತಿ ಅಷ್ಟು ಸರಳವಲ್ಲ. ಶಹಾಜಿಯ ಬೆಂಗಳೂರಿನ ಆಸ್ಥಾನದಲ್ಲಿದ್ದ ಕವಿ ಜಯರಾಮ ಪಿಂಡ್ಯೆಯ ‘ರಾಧಾಮಾಧವವಿಲಾಸಚಂಪೂ’ ಪಟ್ಟಾಭಿಷೇಕಕ್ಕೆ ಮೊದಲೇ ಈ ರಜಪೂತ ಮೂಲವನ್ನು ಹೇಳುತ್ತದೆ. ಅದೇ ಪಕ್ಷಕ್ಕೆ ಆಧಾರವಾಗಿ ತೋರಿಸಲಾದ, ಅಧಿಕೃತತೆ ವಿವಾದಾಸ್ಪದವಾಗಿರುವ ಪಾರಸಿ ಫರ್ಮಾನುಗಳು ಮುಧೋಳದ ಘೋರ್ಪಡೆ ಮನೆತನದವು. ಹೀಗಾಗಿ ಒಂದು ವಿಪರ್ಯಾಸ ಏರ್ಪಟ್ಟಿದೆ: ರಾಜಸ್ಥಾನದ ಮೂಲವನ್ನು ಸಾರುವ ದಾಖಲೆಗಳು ಕನ್ನಡ ಸೀಮೆಯವು, ಕನ್ನಡ ಸೀಮೆಯ ಮೂಲವನ್ನು ಸಾರುವ ಗ್ರಂಥ ಪುಣೆಯ ಮರಾಠಿ ವಿದ್ವಾಂಸರದು. ತನ್ನ ಸ್ವಂತ ಭಾಷಾಸಮುದಾಯ ಕೇಳಲು ಅಷ್ಟಾಗಿ ಬಯಸದ ಉತ್ತರವನ್ನು ಆ ಸಮುದಾಯದ ಒಳಗಿನಿಂದಲೇ ಒಬ್ಬ ಸಂಶೋಧಕ ಹೇಳಿದನೆಂಬುದು ಢೇರೆಯವರ ಗ್ರಂಥದ ನೈತಿಕ ಬಲ.

ಆ ಬಲವನ್ನು ಒಪ್ಪಿಕೊಂಡ ಮೇಲೆಯೂ ವಾದದ ಎಲ್ಲ ಕೊಂಡಿಗಳು ಸಮಾನವಾಗಿ ಗಟ್ಟಿಯಲ್ಲವೆಂದು ಹೇಳಲೇಬೇಕಾಗುತ್ತದೆ. ಗಟ್ಟಿಯಾದ ಭಾಗ ವಲಸೆಯ ಹಿನ್ನೆಲೆ. 12ನೆಯ ಶತಮಾನದ ಕೊನೆಯ ದಶಕದಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನೂ ಸೇವುಣ ಐದನೆಯ ಭಿಲ್ಲಮನೂ ಕಾದಾಡಿದ್ದು ಇದೇ ಸೊರಟೂರಿನಲ್ಲಿ. ಮುಂದೆ ಸಿಂಘಣನ ಕಾಲದಲ್ಲಿ ಆ ಸೀಮೆ ಮತ್ತೆ ಸೇವುಣರ ವಶವಾಯಿತು. ಎರಡು ಅರಸುಮನೆತನಗಳ ನಡುವೆ ಕೈ ಬದಲಾಯಿಸುತ್ತಿದ್ದ ನೆಲದಿಂದ ದನದ ಹಿಂಡುಗಳುಳ್ಳ ಕುಲವೊಂದು ಹೊಸ ಆಶ್ರಯವನ್ನು ಅರಸಿ ಭೀಮಾ–ಮಾಣ ನದಿಗಳ ಹುಲ್ಲುಗಾವಲಿನತ್ತ ನಡೆದಿರುವುದು ಸಂಭವನೀಯ. ಶಿಂಗಣಾಪುರವೆಂಬ ಹೆಸರಿನಲ್ಲಿಯೇ ಸಿಂಘಣನ ನೆನಪಿದೆ.

ದುರ್ಬಲವಾದ ಭಾಗ ಮೂರು. ಮೊದಲನೆಯದು ಹೆಸರಿನ ಹೋಲಿಕೆ. ಹೊಯ್ಸಳ ಶಬ್ದವೇ ಭೋಸಳೆ ಆಯಿತೆಂಬ ಮಾತು ಕಿವಿಗೆ ಒಪ್ಪುತ್ತದೆ. ಆದರೆ ಹೊಯ್ಸಳದ ಹಳೆಯ ರೂಪ ಪೊಯ್ಸಳ. ಪಕಾರ ಹಕಾರವಾದುದು ಕನ್ನಡದ ಒಳಗಿನ, ಚೆನ್ನಾಗಿ ದಾಖಲಾದ ಧ್ವನಿವ್ಯತ್ಯಾಸ. ಹಕಾರ ಅಥವಾ ಪಕಾರ ಮರಾಠಿಯಲ್ಲಿ ಭಕಾರವಾಗುತ್ತದೆಂದು ಸಾಧಿಸಬೇಕಾದರೆ ಒಂದು ಹೆಸರು ಸಾಲದು. ಅದೇ ಬಗೆಯಲ್ಲಿ ನಡೆದುಕೊಂಡ ಬೇರೆ ಪದಗಳ ಸಾಲು ಬೇಕು. ಎರಡನೆಯದು ಕಾಲದ ಕಂದರ. ಭೋಸಲೆಯವರ ಖಚಿತ ಇತಿಹಾಸ ಮಾಲೋಜಿಯ ತಂದೆ ಬಾಬಾಜಿಯಿಂದ ಹಿಂದಕ್ಕೆ ಹೆಚ್ಚು ದೂರ ಸಾಗದು. ಬಳಿಯಪ್ಪನಿಗೂ ಬಾಬಾಜಿಗೂ ನಡುವೆ ಸುಮಾರು ಮುನ್ನೂರು ವರ್ಷಗಳಿವೆ. ಮೂರನೆಯದು ಕುಲದೈವವನ್ನು ರಕ್ತಸಂಬಂಧದ ಪುರಾವೆಯಾಗಿ ಬಳಸುವುದು. ಒಂದೇ ದೈವಕ್ಕೆ ನಡೆದುಕೊಳ್ಳುವವರೆಲ್ಲ ಒಬ್ಬನ ಮಕ್ಕಳಲ್ಲ. ಹೊಸ ಊರಿಗೆ ಬಂದವರು ಆ ಊರಿನ ದೈವಕ್ಕೆ ಒಕ್ಕಲಾಗುವುದು ದಖ್ಖನಿನಲ್ಲಿ ಸಾಮಾನ್ಯ. ದೈವದ ಚರಿತ್ರೆಯನ್ನು ಹೇಳುವುದರಲ್ಲಿ ಅಸಾಧಾರಣ ಸೂಕ್ಷ್ಮತೆ ತೋರುವ ಢೇರೆಯವರು, ದೈವದಿಂದ ವಂಶಕ್ಕೆ ದಾಟುವಾಗ ಸೇತುವೆಯ ಹಲಗೆಗಳನ್ನು ವಿರಳವಾಗಿ ಹಾಸಿದ್ದಾರೆ.

ಕನ್ನಡದ ಜನಪ್ರಿಯ ಓದು ತನ್ನ ಭಾರವನ್ನೆಲ್ಲ ಹೊರಿಸಿದ್ದು ಈ ದುರ್ಬಲ ಸೇತುವೆಯ ಮೇಲೆಯೇ. ಗಡಿವಿವಾದ ಕಾವೇರಿದಾಗಲೆಲ್ಲ ವೇದಿಕೆಗಳ ಮೇಲೆ ಬಳಿಯಪ್ಪ ‘ಬೆಳ್ಳಿಯಪ್ಪ’ನಾಗಿ ಪ್ರತ್ಯಕ್ಷನಾಗುತ್ತಾನೆ, ಗೌಳಿಗರೂ ಶಂಭುಮಹಾದೇವನೂ ಕಾಣುವುದಿಲ್ಲ. ಈ ಓದಿನ ಗಣಿತವನ್ನೇ ಪರಿಶೀಲಿಸಬಹುದು. ಬಳಿಯಪ್ಪನ ಕಾಲದಿಂದ ಶಿವಾಜಿ ಹುಟ್ಟಿದ 1630ರವರೆಗೆ ಸುಮಾರು 400 ವರ್ಷ. ತಲೆಮಾರಿಗೆ 25 ವರ್ಷವೆಂದರೆ 16 ತಲೆಮಾರು. ಪ್ರತಿ ತಲೆಮಾರಿಗೂ ಪೂರ್ವಜರ ಸ್ಥಾನಗಳು ಇಮ್ಮಡಿಸುವುದರಿಂದ 16ನೆಯ ತಲೆಮಾರಿನಲ್ಲಿ ಅಂಥ ಸ್ಥಾನಗಳು 65,536. ಒಬ್ಬನೇ ವ್ಯಕ್ತಿ ಹಲವು ಸ್ಥಾನಗಳಲ್ಲಿ ಮರುಕಳಿಸುವುದುಂಟು. ಆದರೂ ಬಳಿಯಪ್ಪ ಆ ದೊಡ್ಡ ಗುಂಪಿನಲ್ಲಿ ಒಬ್ಬ ಮಾತ್ರ. ಅವನನ್ನೇ ‘ಮೂಲ’ವೆನ್ನುವುದು ತಂದೆಯ ತಂದೆಯ ತಂದೆಯ ಸಾಲೊಂದನ್ನೇ ವಂಶವೆಂದು ಎಣಿಸುವ ಪದ್ಧತಿಯಿಂದ, ರಕ್ತದ ವಾಸ್ತವದಿಂದಲ್ಲ. ತಾಯಿಯ ಕಡೆಗೆ ನೋಡಿದರೆ ಜೀಜಾಬಾಯಿ ಸಿಂಧಖೇಡದ ಜಾಧವರ ಮಗಳು. ಜಾಧವರು ತಮ್ಮನ್ನು ದೇವಗಿರಿಯ ಯಾದವರ, ಅಂದರೆ ಸೇವುಣರ, ವಂಶವೆಂದು ಹೇಳಿಕೊಂಡವರು. ಎರಡೂ ಮಾತು ನಿಜವಾದರೆ ಸೊರಟೂರಿನ ರಣರಂಗದಲ್ಲಿ ಎದುರುಬದುರಾದ ಎರಡು ಪಕ್ಷಗಳೂ ಒಂದೇ ತೊಟ್ಟಿಲಲ್ಲಿ ಕೂಡಿದವು ಎನ್ನಬೇಕು. ಹೇರಳವಾಗಿ ಕನ್ನಡ ಶಾಸನಗಳನ್ನು ಬರೆಸಿದ ಸೇವುಣರನ್ನು ಮರಾಠಿಗರೆಂದೂ ಹೊಯ್ಸಳರನ್ನು ಕನ್ನಡಿಗರೆಂದೂ ಹಂಚಿಕೊಳ್ಳಲು ಹೊರಟವರಿಗೆ ಆ ತೊಟ್ಟಿಲು ತೊಡಕಿನದು.

ಹಾಗೆ ನೋಡಿದರೆ ‘ಶಿವಾಜಿ ಕನ್ನಡಿಗ’ ಎಂಬ ಘೋಷಣೆ ಸಿಸೋದಿಯಾ ವಂಶಾವಳಿಯನ್ನು ಎದುರಿಸುವುದಿಲ್ಲ, ಅದನ್ನೇ ಅನುಕರಿಸುತ್ತದೆ. ಅಲ್ಲಿ ಪಟ್ಟಕ್ಕೆ ಯೋಗ್ಯತೆ ಬೇಕಾಗಿತ್ತು. ಇಲ್ಲಿ ಗಡಿಗೆ ಸಮರ್ಥನೆ ಬೇಕಾಗಿದೆ. ಎರಡೂ ಕಡೆ ಇಂದಿನ ಅಗತ್ಯಕ್ಕೆ ತಕ್ಕ ಪೂರ್ವಜನನ್ನು ಕರೆತರಲಾಗಿದೆ. ಢೇರೆಯವರು ರಾಜನಿಗೆ ದನಗಾಹಿ ಪೂರ್ವಜನನ್ನು ಕೊಟ್ಟರು. ಜನಪ್ರಿಯ ಓದು ಆ ದನಗಾಹಿಯಲ್ಲಿ ಮತ್ತೆ ಹೊಯ್ಸಳ ರಾಜರಕ್ತವನ್ನೇ ಹುಡುಕಿತು. ಗ್ರಂಥದ ಅತ್ಯಂತ ದಿಟ್ಟ ಮಾತು ಹೀಗೆ ಕೈತಪ್ಪಿತು. ಶಂ. ಬಾ. ಜೋಶಿಯವರು 1952ರಲ್ಲಿ ಮರಾಠಿಯಲ್ಲಿಯೇ ಬರೆದ ‘ಮರ್‍ಹಾಟೀ ಸಂಸ್ಕೃತೀ: ಕಾಹೀ ಸಮಸ್ಯಾ’ ಇಂಥದೇ ಪ್ರಶ್ನೆಗಳನ್ನು ಎತ್ತಿತ್ತು. ಹಟ್ಟಿಕಾರ ಜನರ ಸಂಸ್ಕೃತಿಯನ್ನು ಎರಡು ಭಾಷೆಗಳ ಕೆಳಗಿರುವ ಸಮಾನ ಪದರವೆಂದು ಕಾಣುವ ದಾರಿ ಆಗಲೇ ತೆರೆದಿತ್ತು. ಜೋಶಿಯವರನ್ನೂ ಢೇರೆಯವರನ್ನೂ ಒಟ್ಟಿಗೆ ಓದಿದರೆ ದೊರೆಯುವುದು ಒಂದು ಭಾಷೆಯ ಹಿರಿಮೆಯಲ್ಲ, ಎರಡು ಭಾಷೆಗಳ ಹುಲ್ಲುಗಾವಲು ಒಂದೇ ಆಗಿದ್ದ ಕಾಲದ ಅರಿವು.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡಿಗರಿಗೆ ಈ ಭೇದ ಏಕೆ ಮುಖ್ಯ? ನೆಲದ ಮೇಲಿನ ಹಕ್ಕನ್ನು ಮೂಲಪುರುಷನಿಂದ ಸಾಧಿಸುವ ತರ್ಕ ಎರಡು ಅಲಗಿನ ಕತ್ತಿ. ಮರಾಠಿಗರ ಆರಾಧ್ಯನಿಗೆ ಕನ್ನಡದ ಅಜ್ಜನನ್ನು ತೋರಿಸುವವರು, ನಾಳೆ ಜತ್ತದ ಕನ್ನಡ ಮನೆತನವೊಂದಕ್ಕೆ ಮರಾಠಿಯ ಮುತ್ತಜ್ಜನನ್ನು ತೋರಿಸಿ ‘ನಿಮ್ಮ ಮೂಲ ಇದು’ ಎನ್ನುವವರಿಗೆ ಉತ್ತರ ಕೊಡಲಾರರು. ಆ ಮನೆಯ ದೇವರು ತುಳಜಾಪುರದಲ್ಲಿರಬಹುದು, ಬೀಗತನ ಮಂಗಳವೇಢೆಯಲ್ಲಿರಬಹುದು, ಅಡ್ಡಹೆಸರು ಮರಾಠಿಯಾಗಿರಬಹುದು. ಅದರಿಂದ ಆ ಮನೆಯ ಮಗುವಿನ ಕನ್ನಡ ಶಾಲೆಯ ಹಕ್ಕು ಕಿಂಚಿತ್ತೂ ಕಡಿಮೆಯಾಗುವುದಿಲ್ಲ. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನ ಸೇರಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯ ಒದಗಿಸಬೇಕೆನ್ನುತ್ತದೆ. ಅದು ಮಗುವಿನ ನಾಲಗೆಯನ್ನು ಕೇಳುತ್ತದೆ, ವಂಶಾವಳಿಯನ್ನಲ್ಲ. ಆ ನಾಲಗೆಯ ಹಕ್ಕನ್ನು ಬಿಟ್ಟು ರಕ್ತದ ಹಕ್ಕಿನ ಬೆನ್ನುಹತ್ತುವುದು ಗಟ್ಟಿನೆಲವನ್ನು ಬಿಟ್ಟು ಕೆಸರಿಗೆ ಇಳಿದಂತೆ.

ಇದರಿಂದ ವಂಶಶೋಧನೆಯೇ ವ್ಯರ್ಥವೆಂದಾಗುವುದಿಲ್ಲ. ಢೇರೆಯವರು ತೆರೆದ ದಾರಿಯಲ್ಲಿ ಕನ್ನಡ ಸಂಶೋಧನೆ ಮಾಡಬೇಕಾದ ಕೆಲಸ ಬಹಳವಿದೆ. ಎತ್ತಿನ ಮೇಲೆ ಊರೂರು ತಿರುಗಿ ಒಕ್ಕಲುಗಳ ಹೆಸರನ್ನೂ ಮೂಲದ ಊರನ್ನೂ ಹಾಡಿ ಹೇಳುವ ಹೆಳವರ ಪರಂಪರೆ ಉತ್ತರ ಕರ್ನಾಟಕದ ಮನೆತನಗಳ ಜೀವಂತ ದಫ್ತರ. ಅವರ ಹೇಳಿಕೆಗಳನ್ನು ಗಡಿಯ ಎರಡೂ ಬದಿಯ ಗೌಳಿ, ಧನಗರ, ಕುರುಬ ಸಮುದಾಯಗಳ ಹಾಡುಗಳ ಜೊತೆಗಿಟ್ಟು, ಶಾಸನಗಳಿಂದ ಅಳೆದು ನೋಡಿದರೆ ಸೊರಟೂರಿನಿಂದ ಶಿಂಗಣಾಪುರದವರೆಗಿನ ಸೇತುವೆಗೆ ಕೆಲವು ಹಲಗೆಗಳು ದೊರೆಯಬಹುದು. ಅಥವಾ ಸೇತುವೆ ಬೇರೆಡೆ ಇತ್ತೆಂದು ತಿಳಿಯಬಹುದು. ಎರಡೂ ಫಲವೇ. ಆದರೆ ಹೆಳವನ ಬಾಯಲ್ಲಿಯೂ ಹೆಣ್ಣುಮಕ್ಕಳ ಸಾಲು ತೆಳುವಾಗಿರುತ್ತದೆಂಬುದನ್ನು ಸಂಶೋಧಕ ನೆನಪಿಡಬೇಕು. ತವರುಮನೆಗಳ ದಾರಿ ಹಿಡಿದರೆ ಗಡಿಸೀಮೆಯಲ್ಲಿ ಒಂದೇ ಭಾಷೆಯ ವಂಶವೆಂಬುದು ಸಿಗುವುದು ಕಷ್ಟ.

‘ಶ್ರೀ ಶಂಭುಮಹಾದೇವ’ ಗ್ರಂಥದ ಬೆಲೆ ಬಳಿಯಪ್ಪನೆಂಬ ಒಬ್ಬ ಮನುಷ್ಯನ ಸಾಬೀತಿನ ಮೇಲೆ ನಿಂತಿಲ್ಲ. ಆ ಕೊಂಡಿ ಕಳಚಿದರೂ ತುಂಗಭದ್ರೆಯಿಂದ ಭೀಮೆಯ ಆಚೆಯವರೆಗೆ ದನಕರುಗಳೊಡನೆ ದೈವಗಳೂ ನಡೆದವೆಂಬ ಅದರ ಚಿತ್ರ ಉಳಿಯುತ್ತದೆ. ಅದನ್ನು ಕನ್ನಡಕ್ಕೆ ತರುವಾಗ ಮೊದಲು ತರಬೇಕಾದದ್ದು ಆ ಚಿತ್ರವನ್ನೇ.